ಮೊಳೆಗೆ ತೂಗುಬಿಟ್ಟ ಟೇಪು

ನಮ್ಮ ಬಾಡಿಗೆ ಮನೆಯ ತಲೆಬಾಗಿಲ ಪಕ್ಕದಲ್ಲಿ ಒಂದು ಮೊಳೆ ಇದೆ. ನಮಗಿಂತ ಮೊದಲು ಇದ್ದವರು ಅದಕ್ಕೆ ಏನನ್ನು ತೂಗುಹಾಕುತ್ತಿದ್ದರೋ ತಿಳಿಯದು. ನಾವು ಬಂದಿಳಿದ ದಿನ, ಪಾತ್ರೆಪಡಗದ ಗಂಟು ಬಿಚ್ಚುವುದಕ್ಕೂ ಮೊದಲೇ, ನನ್ನ ಹೆಂಡತಿ ಪ್ರಭಾವತಿ ತನ್ನ ಹೊಲಿಗೆಯ ಟೇಪನ್ನು ಅದಕ್ಕೆ ಇಳಿಬಿಟ್ಟಳು. ಹಳದಿ ಬಣ್ಣ ಮಾಸಿ, ಬೆರಳುಗಳ ಸವೆತಕ್ಕೆ ಅಲ್ಲಲ್ಲಿ ಅಂಕಿಗಳು ಅಳಿಸಿಹೋದ ಟೇಪು ಅದು. ಬೀದರಿನ ಎಷ್ಟೋ ಮದುವಣಗಿತ್ತಿಯರ ಭುಜಗಳನ್ನು, ಎಷ್ಟೋ ಮಕ್ಕಳ ವರ್ಷವರ್ಷಕ್ಕೂ ಅಗಲವಾಗುವ ಎದೆಗಳನ್ನು ಬಳಸಿ ಬಂದದ್ದು. ಹೊಲಿಗೆ ಯಂತ್ರವನ್ನು ತಂಗಿಯ ಮಗಳಿಗೆ ಕೊಟ್ಟು ಬಂದವಳು ಟೇಪನ್ನು ಮಾತ್ರ ಕೊಟ್ಟಿರಲಿಲ್ಲ. ಗೋಡೆಯ ಮೇಲೆ ಅದು ತೂಗುತ್ತಿದ್ದರೆ ಯಾವ ಊರೂ ತನ್ನದೇ ಅನ್ನಿಸುತ್ತದಂತೆ. ಅಂಥ ನಿರುಪದ್ರವಿ ವಸ್ತುವೊಂದು ದೇವಾಲಯದ ಬಾಗಿಲನ್ನೇ ನಮ್ಮ ಪಾಲಿಗೆ ಮುಚ್ಚಿಸೀತು ಎಂದು, ಗೆಳೆಯರೇ, ನೀವೇ ಹೇಳಿ, ಯಾರಾದರೂ ಎಣಿಸುತ್ತಾರೆಯೆ?

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ನಮ್ಮ ಕ್ರೈಸ್ತ ಸಭೆಯ ಹಿರಿಯರು ಕರೆದು, ಮರಾಠಿ ಸೀಮೆಯ ವೈಜಾಪುರದಿಂದ ಒಳಗೆ ಒಂದು ಹಳ್ಳಿಯಿದೆ, ಅಲ್ಲೊಂದು ಪುಟ್ಟ ಕಲ್ಲಿನ ದೇವಾಲಯ, ಅಂದರೆ ಚರ್ಚು, ಬೆರಳೆಣಿಕೆಯ ಮನೆಗಳ ಸಭೆ, ಸಭಾಪಾಲಕರಿಲ್ಲದೆ ಬಹಳ ಕಾಲವಾಯಿತು, ಕೈಕಾಲು ಗಟ್ಟಿಯಿರುವಷ್ಟು ದಿನ ಗಂಡಹೆಂಡಿರು ಹೋಗಿ ಇದ್ದು ಬನ್ನಿ ಎಂದರು. ಸಂಬಳವಿಲ್ಲ, ಇರಲೊಂದು ಮನೆ, ಅಷ್ಟೇ. ಬೀದರಿನವರಾದ್ದರಿಂದ ಮರಾಠಿ ನಮಗೆ ನೆರೆಮನೆಯ ಭಾಷೆ. ಸಂತೋಷದಿಂದಲೇ ಬಂದೆವು. ಆದರೆ ಬಂದಮೇಲೆ ತಿಳಿಯಿತು, ಏನನ್ನೂ ಕೇಳದೆ ಬಂದು ನಿಲ್ಲುವ ಮನುಷ್ಯನಷ್ಟು ಅನುಮಾನಾಸ್ಪದನಾದ ಪ್ರಾಣಿ ಲೋಕದಲ್ಲಿ ಇನ್ನೊಂದಿಲ್ಲ. ಬಟ್ಟೆಯ ಗಂಟು ಹೊತ್ತು ಬಂದವನು ವ್ಯಾಪಾರಿ, ಕಡತ ಹಿಡಿದು ಬಂದವನು ಸರ್ಕಾರಿ. ಕೈಬೀಸಿಕೊಂಡು ಬಂದ ಮುದಿ ಜೋಡಿ ಯಾರು? ಕಿರಾಣಿ ಅಂಗಡಿಯವನು ಸಕ್ಕರೆ ತೂಗುತ್ತ ಕೇಳಿದ, ಇಲ್ಲಿಗೆ ಯಾಕೆ ಬಂದಿರಿ ಎಂದು. ಹಳ್ಳಿಯ ಕಾನೂನು ನೋಡಿಕೊಳ್ಳುವ ಪೊಲೀಸ್ ಪಾಟೀಲರು ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಅದನ್ನೇ ಕೇಳಿದರು. ಸೇವೆಗೆ ಎಂದೆ. ನಿಜವನ್ನೇ ಹೇಳಿದ್ದೆ, ಆದರೆ ಅದು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಹಿರಿಯರ ಕೂಟಕ್ಕೆಂದು ನಾಸಿಕಕ್ಕೆ ಹೋದಾಗ ಬಸ್ ನಿಲ್ದಾಣದ ಬಳಿ ನಾವು ಇಡ್ಲಿ ತಿನ್ನುವ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದ ಕುಂದಾಪುರದ ಕಡೆಯವರೊಬ್ಬರು, ನಾವು ಕನ್ನಡಿಗರೆಂಬ ಅಕ್ಕರೆಯಿಂದ, ಕಾಲ ಸರಿಯಿಲ್ಲ, ಯಾರ ಹತ್ತಿರವೂ ಹೆಚ್ಚು ಮಾತು ಬೇಡ ಎಂದು ಬುದ್ಧಿ ಹೇಳಿದರು. ಬಸ್ಸಿನಲ್ಲಿ ಮರಳುವಾಗ ನಾನೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡತೊಡಗಿದೆ. ನನ್ನ ಅಜ್ಜಿ ಹೊಸಬರನ್ನು ಕಂಡರೆ ಅಡಿಯಿಂದ ಮುಡಿಯವರೆಗೆ ಕಣ್ಣಿನಲ್ಲೇ ಅಳೆದುಬಿಡುತ್ತಿದ್ದಳು. ಸಂಶಯವೂ ಒಂದು ಬಗೆಯ ಅಳತೆಯೇ ಅಲ್ಲವೆ? ಒಂದೇ ವ್ಯತ್ಯಾಸವೆಂದರೆ, ಅದರಲ್ಲಿ ಅಳೆಸಿಕೊಂಡವನಿಗೆ ಅಂಗಿ ಸಿಗುವುದಿಲ್ಲ.

ಊರಿನ ಸಂಶಯ ಹೋಗಲಿ. ನನಗೆ ಹೆಚ್ಚು ಚುಚ್ಚಿದ್ದು ನಮ್ಮ ಸಭೆಯದೇ ಸಂಶಯ. ದೇವಾಲಯದ ಕೀಲಿಕೈ ಪಾಲಕನಾದ ನನ್ನ ಕೈಗೆ ಬರಲೇ ಇಲ್ಲ. ಅದು ಇದ್ದದ್ದು ಮಾರ್ತಾಬಾಯಿಯ ಸೊಂಟದಲ್ಲಿ. ಅರವತ್ತು ದಾಟಿದ ವಿಧವೆ, ಹತ್ತಿ ಬಿಡಿಸುವ ಕಾಲದಲ್ಲಿ ಇಂದಿಗೂ ಹೊಲಕ್ಕೆ ಹೋಗುವವಳು. ಭಾನುವಾರ ಬೆಳಿಗ್ಗೆ ಬಂದು ಬೀಗ ತೆಗೆಯುತ್ತಾಳೆ, ಆರಾಧನೆ ಮುಗಿಯುವವರೆಗೆ ಬಾಗಿಲ ಪಕ್ಕದಲ್ಲೇ ಗೋಡೆಗೊರಗಿ ಕೂರುತ್ತಾಳೆ, ಕಡೆಗೆ ನನ್ನನ್ನೂ ಹೊರಗೆ ಕಳಿಸಿ ಬೀಗ ಹಾಕಿ ಜಗ್ಗಿ ನೋಡುತ್ತಾಳೆ. ಕಾರಣ ಕೇಳಿದರೆ ಯಾರೂ ಬಾಯಿಬಿಡಲಿಲ್ಲ. ದೇವಾಲಯದ ಮುಂದಿನ ಕಂಪೌಂಡಿನಲ್ಲಿ ಒಂದು ಬೇವಿನ ಮರ, ಅದರಾಚೆ ಪಶು ಆಹಾರದ ಅಂಗಡಿ, ಮೊಬೈಲ್ ರಿಪೇರಿಯ ಅಂಗಡಿ. ಅವುಗಳ ಬೆನ್ನು ದೇವಾಲಯಕ್ಕೆ ಯಾಕೆ ಅಷ್ಟು ಒತ್ತಿಕೊಂಡಿದೆ ಎಂದು ನಾನು ಯೋಚಿಸಿದವನೇ ಅಲ್ಲ. ಬದಲಿಗೆ ಮಾರ್ತಾಬಾಯಿಯ ಎದುರೇ, ಈ ಹಳ್ಳಿಯಲ್ಲಿ ನಮ್ಮಿಬ್ಬರಿಗೆ ಮಾತ್ರ ಕನ್ನಡ ಬರುತ್ತದೆಂಬ ಧೈರ್ಯದಲ್ಲಿ, ಹೆಂಡತಿಗೆ ಅಂದಿದ್ದೆ: “ಈ ಮುದುಕಿ ನಿಧಿ ಮ್ಯಾಲಿನ ಹಾವ್ ಆಗ್ಯಾಳ ನೋಡು.” ಪರಭಾಷೆಯ ನಾಡಿನಲ್ಲಿ ನಮ್ಮ ನುಡಿ ನಮಗೊಂದು ಕೋಣೆಯಿದ್ದ ಹಾಗೆ. ಅದಕ್ಕೆ ಗೋಡೆಗಳಿವೆಯೆಂದು ನಾವು ನಂಬಿಕೊಂಡಿರುತ್ತೇವೆ.

ಬೀದರಿನಲ್ಲಿ ನಮ್ಮ ದೇವಾಲಯದಲ್ಲೊಂದು ವಾಡಿಕೆ. ಕ್ರಿಸ್‌ಮಸ್ ಹತ್ತಿರ ಬಂದಾಗ ದೇವಾಲಯಕ್ಕೆ ಬೇಕಾದ ಏನಾದರೊಂದನ್ನು, ಒಂದು ದೀಪವೋ ಒಂದು ಪರದೆಯೋ, ತಂದು ಹೆಸರು ಹೇಳದೆ ಇಟ್ಟುಹೋಗುವುದು. ಇಲ್ಲಿನ ಮುದುಕಿಯರು ಡಿಸೆಂಬರಿನ ತಣ್ಣನೆಯ ಕಲ್ಲಿನ ಮೇಲೆ ಹರಕು ಗೋಣಿ ಹಾಸಿ ಕೂರುವುದನ್ನು ಕಂಡು ಪ್ರಭಾವತಿ ಒಂದು ಜಮಖಾನ ಮಾಡಿಸುವ ಮನಸ್ಸು ಮಾಡಿದಳು. ಒಂದು ಭಾನುವಾರ ಎಲ್ಲರೂ ಹೋದಮೇಲೆ, ಬಾಗಿಲ ಬಳಿ ಮಾರ್ತಾಬಾಯಿ ಕಣ್ಣುಮುಚ್ಚಿ ತೂಕಡಿಸುತ್ತಿದ್ದಾಗ, ಸಂಚಿಯಿಂದ ಟೇಪು ಹೊರತೆಗೆದು ನೆಲವನ್ನು ಅಳೆದಳು. ತುದಿ ಹಿಡಿದವನು ನಾನು. ಕೆಲಸ ಮುಗಿದಮೇಲೆ ಟೇಪು ಸುತ್ತುತ್ತ ಮೆಲ್ಲಗೆ ಎಚ್ಚರಿಸಿದಳು: “ಯಾರಿಗೂ ಹೇಳಬ್ಯಾಡ್ರಿ ಮತ್ತ. ಎಲ್ಲಾ ಆದಮ್ಯಾಲ ಗೊತ್ತಾಗ್ಲಿ.” ಸಾಲದ್ದಕ್ಕೆ ನಾನು, ಮಾಸ್ತರಿಕೆಯ ಹಳೆಯ ಚಾಳಿಯಂತೆ, ಹೊರಗೆ ಬಂದು ಕಂಪೌಂಡಿನ ಗೋಡೆಯುದ್ದಕ್ಕೂ ಅಡ್ಡಾಡಿ, ಬಿರುಕು ಬಿಟ್ಟ ಕಡೆ ನಿಂತು ನಾಸಿಕದ ಹಿರಿಯರಿಗೆ ತೋರಿಸಲೆಂದು ಮೊಬೈಲಿನಲ್ಲಿ ಫೋಟೋ ಹಿಡಿದೆ.

ಮುಂದಿನ ಭಾನುವಾರ ಬಾಗಿಲು ತೆರೆಯಲಿಲ್ಲ.

ಸಭೆಯವರೆಲ್ಲ ಬೇವಿನ ನೆರಳಿನಲ್ಲಿ ನೆಲ ನೋಡುತ್ತ ಕೂತಿದ್ದರು. ಮಾರ್ತಾಬಾಯಿ ಮೆಟ್ಟಿಲ ಮೇಲಿದ್ದಳು. ಚಾವಿ ಮರೆತಿರಾ ಎಂದು ಮರಾಠಿಯಲ್ಲಿ ಕೇಳಿದೆ. ಅವಳು ತಲೆಯೆತ್ತಿ, ನಮ್ಮ ಬೀದರಿನ ಸಂತೆಯಲ್ಲಿ ನಿಂತು ಮಾತಾಡುವವಳ ಹಾಗೆ, ನಿಧಾನವಾಗಿ ಅಂದಳು:

“ಅಳತಿ ಯಾರಿಗಿ ಕೊಡ್ಲತ್ತೀರಿ, ಮಾಸ್ತರ? ಅದ್ ಹೇಳ್ರಿ ಮೊದ್ಲು. ಆಮ್ಯಾಲ ಬಾಗಲಾ.”

ನಿಮಗೆ ಕನ್ನಡ ಬರುತ್ತದೆಯೆ ಎಂದು ತೊದಲಿದೆ.

“ಹುಮನಾಬಾದ ಬಲ್ಲಿ ಹುಟ್ಟೀನ್ರಿ. ಲಗ್ನ ಆಗಿ ಈ ಕಡಿ ಬಂದ್ಮ್ಯಾಲ ಮಾತಾಡ್ಲಾಕ ಯಾರೂ ಸಿಗ್ಲಿಲ್ಲ. ಹಾವಿಗಿ ಎಲ್ಲಾ ತಿಳೀತದ.”

ಎಂಥ ಸ್ಥಿತಿ ನೋಡಿ. ಎಷ್ಟೋ ವರ್ಷಗಳ ಮೇಲೆ ತವರಿನ ಮಾತು ಕಿವಿಗೆ ಬಿದ್ದಿದೆ. ಅದು ಹೊತ್ತು ತಂದದ್ದು ತನ್ನ ಮೇಲಿನ ಕುಹಕ ಮತ್ತು ಒಂದು ಗುಟ್ಟು. ಮೊದಮೊದಲು ಬಾಯಿಬಿಟ್ಟು ಮಾತಾಡಿಸಬೇಕೆಂದು ಅವಳಿಗೆ ಅನ್ನಿಸಿರಲಾರದೆ? ಕೇಳಿಸಿಕೊಂಡಷ್ಟೂ ತುಟಿ ಬಿಗಿದಿರಬೇಕು. ಅಂದು ಅವಳ ಬಾಯಿಂದಲೇ ಉಳಿದ ಕಥೆ ಬಂತು. ಹಿಂದೊಮ್ಮೆ ಹೊರಗಿನಿಂದ ಒಬ್ಬ ಬಂದಿದ್ದನಂತೆ, ನಮ್ಮಂತೆಯೇ ನಯವಾಗಿ ಮಾತಾಡುವವನು; ರಿಪೇರಿಗೆಂದು ಟೇಪು ಹಿಡಿದು ಅಳೆದನಂತೆ; ಚಾವಿಯನ್ನು ಅವನಿಗೇ ಕೊಟ್ಟಿದ್ದರು. ಆಮೇಲೆ ಅರ್ಧ ಕಂಪೌಂಡು ಬೇರೆಯವರ ಹೆಸರಿಗೆ ಹೋಯಿತು, ಅಂಗಡಿಗಳೆದ್ದವು. ಅವಳ ಗಂಡನನ್ನು ಹೂಳಲೆಂದು ಇಟ್ಟುಕೊಂಡಿದ್ದ ಜಾಗವೂ ಆ ಅರ್ಧದಲ್ಲಿತ್ತು. ಅವನನ್ನು ಬೇರೆ ಊರಿನಲ್ಲಿ ಮಣ್ಣು ಮಾಡಬೇಕಾಯಿತು.

ಪ್ರಭಾವತಿ ಜಮಖಾನದ ವಿಷಯ ಹೇಳಿದಳು. ಎಲ್ಲಿದೆ ತೋರಿಸಿ ಎಂದಳು ಮಾರ್ತಾಬಾಯಿ. ಅದು ಇನ್ನೂ ಸಂಭಾಜಿನಗರದ ಅಂಗಡಿಯಿಂದ ಬಂದಿರಲಿಲ್ಲ. ಆಗ ನನ್ನ ಹೆಂಡತಿ ಸಂಚಿಗೆ ಕೈಹಾಕಿ ಟೇಪು ತೆಗೆದು ಆ ಮುದುಕಿಯ ಮಡಿಲಿನಲ್ಲಿಟ್ಟಳು. “ಇದು ನಿಮ್ ಬಲ್ಲೇ ಇರ್ಲಿ, ಅಕ್ಕಾ,” ಎಂದಳು. “ಇದಿಲ್ದ ನನ್ ಕೈ ಮುರ್ದಂಗ.” ಮಾರ್ತಾಬಾಯಿ ಟೇಪು ತೆಗೆದುಕೊಂಡಳು, ಬಾಗಿಲು ತೆರೆಯಲಿಲ್ಲ. ಅಂದಿನ ಆರಾಧನೆ ಬೇವಿನ ಕೆಳಗೇ ನಡೆಯಿತು. ನಾನು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಅವಳು ಮುಚ್ಚಿರಲಿಲ್ಲವೆಂದು ಬಲ್ಲೆ. ನಾನೂ ಪೂರ್ತಿ ಮುಚ್ಚಿರಲಿಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಜಮಖಾನ ಬಂತು. ಮಾರ್ತಾಬಾಯಿ ಬೀಗ ತೆಗೆದು, ಒಳಗೆ ಹಾಸುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗೋಡೆಯಿಂದ ಗೋಡೆಗೆ ಅದು ಅಚ್ಚುಕಟ್ಟಾಗಿ ಕೂತಿತು. ಬಾಗಿಲ ಬಳಿ ಮಾತ್ರ, ಒಬ್ಬರು ಕೂರುವಷ್ಟು ಅಗಲದ ಪಟ್ಟಿಯೊಂದು ಬರಿಯ ಕಲ್ಲಾಗಿ ಉಳಿಯಿತು. ಪ್ರಭಾವತಿಯ ಮುಖ ಸಣ್ಣದಾಯಿತು. ಅಳೆಯುವ ದಿನ ಮಾರ್ತಾಬಾಯಿ ತೂಕಡಿಸುತ್ತಿದ್ದದ್ದು ಅಲ್ಲಿಯೇ. ಎಬ್ಬಿಸಿ ಸರಿಸಲು ಸಂಕೋಚವಾಗಿ ನಾವು ಅವಳ ಕಾಲಬುಡಕ್ಕೆ ಟೇಪು ನಿಲ್ಲಿಸಿದ್ದೆವು.

ಮಾರ್ತಾಬಾಯಿ ಆ ಬರಿಗಲ್ಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಹೋಗಿ ಎಂದಿನಂತೆ ಅಲ್ಲೇ ಕೂತಳು. ಕಲ್ಲು ಅವಳ ಮೈಗೆ ಹೊಲಿದಂತೆ ಸರಿಹೋಯಿತು.

“ಮುದುಕಿನ ಎಬ್ಸಬಾರ್ದಂತ ಬಿಟ್ರಿ ಏನ್ರಿ?” ಎಂದು ಅವಳೇ ನಕ್ಕಳು. “ಹ್ವಾದ್ ಸಲ ಬಂದಾವ ಎಲ್ಲರ್ನೂ ಎಬ್ಸಿ ಅಳದಿದ್ದ.”

ಸೊಂಟದಿಂದ ಚಾವಿ ಬಿಚ್ಚಿ ಪ್ರಭಾವತಿಯ ಕೈಯಲ್ಲಿಟ್ಟಳು, ನನಗಲ್ಲ, ಗಮನಿಸಿ. “ಸಂಶಯ ಹೋಗ್ಯಾದಂತ ತಿಳ್ಕೋಬ್ಯಾಡ್ರಿ. ಚಾವಿ ನಿಮ್ ಬಲ್ಲಿ ಇರ್ಲಿ, ಟೇಪ್ ನನ್ ಬಲ್ಲಿ.”

ಹೀಗೆ ನಡೆದಿದೆ ಈಗ. ಆ ಪಟ್ಟಿಗೊಂದು ತುಂಡು ಜೋಡಿಸುತ್ತೇನೆಂದು ಪ್ರಭಾವತಿ ಎಷ್ಟು ಬೇಡಿಕೊಂಡರೂ ಮುದುಕಿ ಒಪ್ಪಿಲ್ಲ. ಊರಿನ ಹುಡುಗಿಯರು ರವಿಕೆಗೆ ಬಟ್ಟೆ ತಂದರೆ ನನ್ನ ಹೆಂಡತಿ ಮಾರ್ತಾಬಾಯಿಯ ಮನೆಗೆ ಹೋಗಿ ಟೇಪು ಕೇಳಬೇಕು; ಅವಳು ಯಾಕೆ ಬೇಕೆಂದು ಕೇಳುತ್ತಾಳೆ, ಹೇಳಿದಮೇಲೂ ನಂಬದೆ ಜೊತೆಗೆ ಬರುತ್ತಾಳೆ, ಅಳತೆ ಮುಗಿಯುವವರೆಗೆ ಕೂತು ಚಹಾ ಕುಡಿದು, ಹುಮನಾಬಾದಿನ ಮಾತನ್ನೆಲ್ಲ ಹರವಿ, ಟೇಪು ಸುತ್ತಿಕೊಂಡು ಹೋಗುತ್ತಾಳೆ. ಪ್ರಭಾವತಿಗೆ ಇತ್ತೀಚೆಗೆ ಅಳೆಯುವ ಕೆಲಸ ವಿಪರೀತ ಹೆಚ್ಚಿದೆ. ಆಗಲೇ ಅಳೆದ ಬಟ್ಟೆಯನ್ನೇ ಮತ್ತೆ ಅಳೆಯುತ್ತಾಳೆಂದು ನನಗೆ ಗುಮಾನಿ.

ಮೊನ್ನೆ ಮಧ್ಯಾಹ್ನ ಮನೆಯಿಂದ ನೋಡಿದರೆ, ದೇವಾಲಯದ ಮುಂದೆ ಅಪರಿಚಿತನೊಬ್ಬ ಮೋಟಾರ್‌ಸೈಕಲ್ ನಿಲ್ಲಿಸಿ ಮಾಡಿನ ಕಡೆಗೆ ನೋಡುತ್ತಿದ್ದ. ಸಭ್ಯ ಮುಖ, ಖಾಲಿ ಕೈ. ಬಹುಶಃ ಬೇವಿನ ನೆರಳಿಗೆ ನಿಂತ ದಾರಿಹೋಕನಿರಬೇಕು, ಪ್ರವಾಸಿಗರು ಹೋಗುವ ವೇರೂಳಿನ ಗುಹೆಗಳನ್ನು ನೋಡಿ ಬಂದವನಿರಬೇಕು. ಎದ್ದು ಹೊರಟ ನನ್ನ ಕೈ ತಾನಾಗಿ ಬಾಗಿಲ ಪಕ್ಕದ ಮೊಳೆಗೆ ಹೋಗಿ ಕೀಲಿಕೈಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಹತ್ತಿರ ಹೋಗಿ, ಎಲ್ಲಿಂದ ಬಂದಿರಿ, ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸುಮ್ಮನೆ ಎಂದ. ನಿಜವನ್ನೇ ಹೇಳಿರಬಹುದು. ಆದರೂ ಅವನ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಆಮೇಲೆ ದೇವಾಲಯದ ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಕೀಲಿಕೈಯನ್ನು ತಂದು ಟೇಪಿನ ಮೊಳೆಗೆ ತೂಗುಹಾಕಿದೆ.