ಹೊಸ್ತಿಲೊಳಗಿನ ದೀಪ

ಅವಳ ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆಗಳಿರುತ್ತಿದ್ದವು. ಮುಖ ತೊಳೆದು ಬಂದರೂ ಅಷ್ಟೇ, ಹಬ್ಬದ ದಿನ ಸುರ್ಮಾ ಹಚ್ಚಿಕೊಂಡು ಬಂದರೂ ಅಷ್ಟೇ. ಮಾತಾಡುವಾಗ ಆ ಎಳೆಗಳು ಹುಬ್ಬಿನ ಜೊತೆ ಏರುತ್ತಿದ್ದವು, ಇಳಿಯುತ್ತಿದ್ದವು. ಸಿರುಗುಪ್ಪದ ನಮ್ಮ ಓಣಿಯಲ್ಲಿ ಹತ್ತಿ ಹಿಂಜುವ ಮನೆ ಅವಳದೊಂದೇ. ಹಗಲೆಲ್ಲ ಅವಳು ಹತ್ತಿ ಮೀಟುವ ಬಿಲ್ಲಿನ ಸದ್ದು ಕೇಳುತ್ತಿರಬೇಕು. ಸದ್ದು ನಡುವೆ ನಿಂತಿತೆಂದರೆ ಯಾವುದೋ ಮನೆಯಲ್ಲಿ ಬಸುರಿಗೆ ಬೇನೆ ಹತ್ತಿದೆ ಎಂದು ಓಣಿಗೆ ತಿಳಿಯುತ್ತಿತ್ತು, ಏಕೆಂದರೆ ಹೆರಿಗೆ ಮಾಡಿಸುವವಳೂ ಅವಳೇ. ನಾವೆಲ್ಲ ಅವಳನ್ನು ಪಿಂಜಾರಜ್ಜಿ ಎನ್ನುತ್ತಿದ್ದೆವು.

ಬಳ್ಳಾರಿಯ ಬ್ರೂಸ್‌ಪೇಟೆಯಿಂದ ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವಳನ್ನು ಕಂಡರೆ ನನಗೆ ತಲೆನೋವು. ಕೂತಲ್ಲಿ ಕೂರುವ ಹೆಂಗಸಲ್ಲ. ನೀರು ಕೊಟ್ಟರೆ ನಿಂತೇ ಕುಡಿಯುವಳು, ಎಲೆ ಅಡಿಕೆ ಕೊಟ್ಟರೆ ಸೆರಗಿಗೆ ಗಂಟು ಹಾಕಿಕೊಂಡು ಮುಂದಿನ ಮನೆಗೆ ಹೊರಡುವಳು. ಒಂದು ಗಳಿಗೆ ಕೂರಬಾರದೇ ಎಂದು ಕೇಳಿದರೆ, "ಆರಾಮ ಮಾಡಾಕ ಗೋರಿ ಐತಿ ಬಿಡವ್ವ, ಈಗ್ಯಾಕ ಅವಸರ," ಎನ್ನುವಳು. ನನಗೋ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ನಾನು ಚೊಚ್ಚಲ ಬಸುರಿಯಾದ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಗರಿ ಹೊಳೆ ತುಂಬಿ ಹರಿದು ರೈಲಿನ ದಾರಿ ಕಿತ್ತುಹೋಯಿತು ಎಂಬ ಸುದ್ದಿ ಬಂತು. ನಮ್ಮೂರಿಗೆ ರೈಲಿನ ಹಂಗೇ ಇರಲಿಲ್ಲ, ಅದು ಹೋದರೆಷ್ಟು ಬಂದರೆಷ್ಟು ಎಂದುಕೊಂಡೆವು. ಆದರೆ ಸೀಮೆಎಣ್ಣೆ ಮದ್ರಾಸಿನ ಕಡೆಯಿಂದ ಆ ರೈಲಿನಲ್ಲೇ ಬಳ್ಳಾರಿಗೆ ಬರಬೇಕು, ಅಲ್ಲಿಂದ ಬಂಡಿಯ ಮೇಲೆ ನಮಗೆ ಬರಬೇಕು. ರೈಲು ನಿಂತಿತು. ಬಂಡಿಗಳೂ ಎರೆಮಣ್ಣಿನಲ್ಲಿ ಅಚ್ಚಿನ ತನಕ ಹೂತು ದಾರಿಯಲ್ಲೇ ಉಳಿದವು. ಹೆರಿಗೆಗೆ ನನ್ನನ್ನು ತವರಿಗೆ ಕರೆದೊಯ್ಯಬೇಕಿದ್ದ ಅಪ್ಪನ ಬಂಡಿಯೂ ಬರಲಿಲ್ಲ, ಬಳ್ಳಾರಿಗೆ ಹೋಗಿದ್ದ ನನ್ನ ಗಂಡನೂ ಅಲ್ಲೇ ಸಿಕ್ಕಿಬಿದ್ದ.

ಊರಿಗೆ ಊರೇ ಕತ್ತಲಾಯಿತು. ಸೀಮೆಎಣ್ಣೆಯ ಕಂದೀಲು ಬಂದ ಮೇಲೆ ಹರಳೆಣ್ಣೆ ಕೇಳುವವರಿಲ್ಲದೆ ಗಾಣದವನು ಗಾಣ ಬಿಚ್ಚಿ ಮೂಲೆಗಿಟ್ಟಿದ್ದ. ನಮ್ಮ ಅತ್ತೆಯಂತೂ ಹಿತ್ತಾಳೆಯ ಹಳೆಯ ದೀಪದ ಸಮೆಗಳನ್ನು ಕೊಟ್ಟು ಗಾಜಿನ ಕಂದೀಲು ತಂದವರು. ಈಗ ಆ ಕಂದೀಲನ್ನು ದಿನವೂ ಬೂದಿ ಹಚ್ಚಿ ಉಜ್ಜಿ ಗೂಟಕ್ಕೆ ನೇತುಹಾಕುತ್ತಿದ್ದರು, ಅಷ್ಟೇ. ಮೊದಲ ವಾರ ಒಗ್ಗರಣೆಯ ಕುಸುಬೆ ಎಣ್ಣೆಯನ್ನೇ ಉರಿಸಿದೆವು. ಅದೂ ತೀರಿತು. ಹೊತ್ತಿರುವಾಗಲೇ ಉಂಡು, ಒಗ್ಗರಣೆಯಿಲ್ಲದ ಸಾರು ಕುಡಿದು, ಕತ್ತಲಲ್ಲಿ ಗೋಡೆಗೆ ಒರಗಿ ಕೂರಬೇಕು. ನಿದ್ದೆ ಬರುವುದಿಲ್ಲ, ಮಾತಾಡಿದರೆ ಜಗಳವಾಗುತ್ತದೆ. ನಾನು ಹೊಟ್ಟೆ ಹೊತ್ತುಕೊಂಡು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಅತ್ತೆ ಕತ್ತಲೊಳಗಿಂದಲೇ, "ಸಾಕು ಕುಂದ್ರವ್ವ, ನೆಲ ಸವೀತೈತಿ," ಎಂದು ಗದರುತ್ತಿದ್ದರು.

ಆ ದಿನಗಳಲ್ಲೇ ಕಂಬಳಿ ನೇಯುವವರ ಮನೆಯ ಮಗಳು ಹೆತ್ತಳು. ಬೆಳಕಿಗೆಂದು ತೊಗರಿ ಕಟ್ಟಿಗೆ ಉರಿಸಿದ್ದರಂತೆ. ಕಟ್ಟಿಗೆ ಹಸಿ, ಮನೆ ತುಂಬ ಹೊಗೆ. ಕೂಸಿನ ಕೊರಳಿಗೆ ಹೊಕ್ಕಳ ಬಳ್ಳಿ ಸುತ್ತಿಕೊಂಡಿತ್ತು. ಪಿಂಜಾರಜ್ಜಿ ತಡವರಿಸಿ ಬಿಡಿಸುವಷ್ಟರಲ್ಲಿ ಉಸಿರು ಹೋಗಿತ್ತು. ಹೆಣ್ಣು ಕೂಸು.

ಮರುದಿನ ಅವಳು ನಮ್ಮ ಮನೆಯ ಬಾಗಿಲಲ್ಲಿ ನಿಂತು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಬಳ್ಳಿ ಕೈಗೆ ಸಿಕ್ತವ್ವ. ಯಾ ಕಡಿಂದ ಸುತ್ತೇತಿ ಅಂತ ಕಣ್ಣಿಗೆ ಕಾಣಲಿಲ್ಲ," ಎಂದಳು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು.

ಅಂದಿನಿಂದ ಅವಳಿಗೆ ಬಿಲ್ಲೂ ಬೇಡವಾಯಿತು, ಊಟವೂ ಬೇಡವಾಯಿತು. ಹಗಲು ಪೂರ್ತಿ ಮನೆ ಮನೆ ಸುತ್ತಿ ಎಣ್ಣೆ ಕೇಳಿದಳು. ಕೊನೆಗೆ ನಮ್ಮ ಪಕ್ಕದ ಶೆಟ್ಟರ ಮನೆಯಲ್ಲಿ ಅವಳಿಗೆ ಒಂದು ಬಟ್ಟಲು ಹರಳೆಣ್ಣೆ ಸಿಕ್ಕಿತು. ಅವರಲ್ಲಿ ದೇವರ ದೀಪಕ್ಕೆಂದು ಕಾದಿಟ್ಟ ಎಣ್ಣೆ ಸ್ವಲ್ಪ ಇತ್ತು. ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟು, "ಇದು ಈಕಿ ಹೆರಿಗಿಗೆ ಅಷ್ಟ. ಯಾರು ಕೇಳಿದ್ರೂ ಕೊಡಬ್ಯಾಡ್ರಿ, ದೇವ್ರು ಕೇಳಿದ್ರೂ ಕೊಡಬ್ಯಾಡ್ರಿ," ಎಂದು ಹೇಳಿ ಹೋದಳು.

ನನಗೆ ದಿನ ತುಂಬುವ ಮೊದಲೇ ಬೇನೆ ಹತ್ತಿತು, ಅದೂ ಮುಚ್ಚಂಜೆಯಲ್ಲಿ. ಪಿಂಜಾರಜ್ಜಿ ಓಡಿಬಂದಳು. ಬಂದವಳೇ ಎಣ್ಣೆ ತರಲು ಹೇಳಿದಳು. ಅತ್ತೆ ಅಲುಗಾಡಲಿಲ್ಲ. ಮತ್ತೆ ಕೇಳಿದಾಗ ಮೆಲ್ಲಗೆ, "ಶುಕ್ರವಾರ ದೇವರ ಮುಂದ ಹಚ್ಚಿಬಿಟ್ಟೆ. ಸುಸೂತ್ರ ಹಡೀಲಿ ಅಂತ ಬೇಡಿಕೊಂಡು ಹಚ್ಚಿದೆ," ಎಂದರು.

ನಾನು ಅತ್ತೆಯನ್ನು ಶಪಿಸಿದೆ, ಬಾಯಿಬಿಟ್ಟೇ ಶಪಿಸಿದೆ. ಪಿಂಜಾರಜ್ಜಿ ಮಾತ್ರ ಬಯ್ಯಲಿಲ್ಲ. ಅವಳು ಒಂದು ಕಡೆ ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಬಿರಬಿರನೆ ಶೆಟ್ಟರ ಮನೆಗೆ ಹೋದಳು.

ನಮ್ಮ ಕಡೆ ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ಎಣ್ಣೆ, ಉಪ್ಪು, ಮಜ್ಜಿಗೆ ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುತ್ತಾರೆ. ಅಂದು ಹಗಲಲ್ಲಿ ಬಟ್ಟಲು ತುಂಬ ಕೊಟ್ಟ ಶೆಟ್ಟಮ್ಮ ಈಗ ಬಾಗಿಲಿಗೆ ಅಡ್ಡ ನಿಂತರು. ಮನೆಯಲ್ಲಿ ತೆಲುಗು ಮಾತಾಡುವ ಹೆಂಗಸು, ಕೆಟ್ಟವರಲ್ಲ, ಆದರೆ ಮಡಿಯವರು. ಅವರ ಮಾತು ಗೋಡೆಯ ಈಚೆಗೆ ನನಗೆ ಕೇಳಿಸುತ್ತಿತ್ತು.

"ಹಗಲು ಬಂದಿದ್ರೆ ಇನ್ನೊಂದು ಬಟ್ಟಲು ಕೊಡ್ತಿದ್ದೆ ಕದಮ್ಮಾ. ದೀಪ ಹಚ್ಚಿದ ಮ್ಯಾಲೆ ಹೆಂಗೆ ಕೊಡಲಿ?"

"ಕೊಡಬ್ಯಾಡ್ರಿ ಅಮ್ಮಾ. ನಿಮ್ಮ ದೀಪ ಹೊಸ್ತಿಲು ದಾಟೋದು ಬ್ಯಾಡ, ನಮ್ಮ ಮೈಲಿಗಿನೂ ಹೊಸ್ತಿಲು ದಾಟೋದು ಬ್ಯಾಡ. ಹುಡಿಗೀನ ನಿಮ್ಮ ಕೊಟ್ಟಿಗಿಗೆ ಕರ್ಕೊಂಡು ಬರ್ತೀನಿ. ನೀವು ಒಳಗ ನಿಂತು ದೀಪ ಹಿಡೀರಿ. ಬೆಳಕಿಗೇನು ಮಡಿ ಐತೇನ್ರಿ?"

ಕೊನೆಗೆ ಶೆಟ್ಟಮ್ಮ, "ಸರೆ. ದೀಪ ನನ್ನ ಕೈಯಾಗೇ ಇರ್ತೈತಿ, ಮತ್ತೆ," ಎಂದರು.

ಅತ್ತೆ ಒಂದು ಕಡೆ, ಅಜ್ಜಿ ಒಂದು ಕಡೆ ಹಿಡಿದು ನನ್ನನ್ನು ನಡೆಸಿದರು. ಶೆಟ್ಟರ ಕೊಟ್ಟಿಗೆಗೆ ಅಡುಗೆಮನೆಯ ಕಡೆಯಿಂದ ಒಂದು ಬಾಗಿಲಿತ್ತು. ಎರಡು ಎಮ್ಮೆಗಳನ್ನು ಬಿಚ್ಚಿ ಅಂಗಳಕ್ಕೆ ಅಟ್ಟಿ, ಒಣ ಹುಲ್ಲು ಹರಡಿ, ಮೇಲೆ ಕೌದಿ ಹಾಸಿದರು. ಬಾಗಿಲೊಳಗೆ ಶೆಟ್ಟಮ್ಮ ಸಮೆ ಹಿಡಿದು ನಿಂತರು. ಪಾಪ, ನನ್ನನ್ನು ನೋಡಲು ನಾಚಿ ಅವರು ಮುಖ ತಿರುಗಿಸಿದಾಗಲೆಲ್ಲ ಕೈಯೂ ತಿರುಗುತ್ತಿತ್ತು, ಬೆಳಕು ನನ್ನನ್ನು ಬಿಟ್ಟು ಮೇವು ಒಟ್ಟಿದ ಗೋಡೆಗೆ ಹೋಗುತ್ತಿತ್ತು.

"ಅಮ್ಮಾ, ಈ ಕಡಿ ಹಿಡೀರಿ. ಗೋಡಿ ಏನ್ ಹಡಿಯೋದಿಲ್ಲ," ಎಂದಳು ಅಜ್ಜಿ.

ಆ ನೋವಿನಲ್ಲೂ ನನಗೆ ನಗು ಬಂತು. ಶೆಟ್ಟಮ್ಮ ಕೈ ಸೋತು ಈ ಕೈಯಿಂದ ಆ ಕೈಗೆ ದೀಪ ಬದಲಾಯಿಸುತ್ತಲೇ ಇದ್ದರು. ಕೂಸಿನ ತಲೆ ಕಂಡಿತು. ಅಜ್ಜಿಯ ಕೈ ನಿಂತಿತು. ಇಲ್ಲೂ ಬಳ್ಳಿ ಕೊರಳಿಗೆ ಸುತ್ತಿತ್ತು.

"ದೀಪ ಸನೇಕ ತರ್ರಿ ಅಮ್ಮಾ. ಇನ್ನಾ ಸನೇಕ."

ಶೆಟ್ಟಮ್ಮ ಬಗ್ಗಿದರು. ಇನ್ನೂ ಬಗ್ಗಿದರು. ದೀಪ ಹಿಡಿದ ಕೈ ಹೊಸ್ತಿಲು ದಾಟಿ ಮೊಣಕೈ ತನಕ ಹೊರಗೆ ಬಂತು. ಅದನ್ನು ಅಂದು ಯಾರೂ ಆಡಲಿಲ್ಲ, ಆಮೇಲೂ ಯಾರೂ ಆಡಲಿಲ್ಲ. ಈಗ ನಾನೇ ಬರೆದುಬಿಟ್ಟೆ. ಅಜ್ಜಿ ಆ ಬೆಳಕಿನಲ್ಲಿ ಬಳ್ಳಿಯ ಸುತ್ತು ಕಂಡುಕೊಂಡು, ಬೆರಳು ತೂರಿಸಿ, ಕೂಸಿನ ತಲೆಯ ಮೇಲಿಂದ ಬಿಡಿಸಿ ತೆಗೆದಳು. ಕೂಸು ಅತ್ತಿತು. ಅಜ್ಜಿಯೂ ಅತ್ತಳು, ಅದೂ ದೊಡ್ಡ ದನಿಯಲ್ಲಿ. ಯಾರು ಯಾರನ್ನು ಸಮಾಧಾನ ಮಾಡಬೇಕೆಂದು ನಮಗೆ ತಿಳಿಯಲಿಲ್ಲ.

ಮಳೆ ನಿಂತು, ದಾರಿ ಒಣಗಿ, ಬಂಡಿಗಳು ಬಂದವು. ಕಂದೀಲುಗಳು ಉರಿದವು. ಊರು ಕತ್ತಲನ್ನು ಮರೆಯಿತು, ಪಿಂಜಾರಜ್ಜಿ ಮಾತ್ರ ಮರೆಯಲಿಲ್ಲ. ಪ್ರತಿ ವರ್ಷ ಮಳೆ ಹಿಡಿಯುತ್ತಲೇ ನಮ್ಮ ಮನೆಗೆ ಬರುವಳು. ನನ್ನ ಮಗಳನ್ನು ತನ್ನ ಮುಂದೆ ನಿಲ್ಲಿಸಿಕೊಂಡು, ಅವಳ ನೆತ್ತಿ ತನ್ನ ಮೈಯಲ್ಲಿ ಎಲ್ಲಿಗೆ ಬರುತ್ತದೆಂದು ಕೈಯಿಟ್ಟು ನೋಡುವಳು. ಒಂದು ವರ್ಷ ಮೊಣಕಾಲಿನ ಮೇಲೆ, ಇನ್ನೊಂದು ವರ್ಷ ಸೊಂಟಕ್ಕೆ. ನೋಡಿ, ಕೂರದೆ ಹೊರಟುಬಿಡುವಳು. ತಾನು ಉಳಿಸಿದ ಕೂಸಿನ ಮೇಲೆ ಅದೆಷ್ಟು ಜೀವ ಎಂದು ನಾನು ಓಣಿಯ ಹೆಂಗಸರ ಮುಂದೆ ಬೀಗುತ್ತಿದ್ದೆ.

ನನ್ನ ಮಗಳು ಅವಳ ಎದೆಯೆತ್ತರ ಬಂದ ವರ್ಷದ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಬೆಳಿಗ್ಗೆ ಹತ್ತಿ ಹಿಂಜಿ, ಮಧ್ಯಾಹ್ನ ಎದೆ ನೋವೆಂದು ಒರಗಿದವಳು ಏಳಲಿಲ್ಲ. ನಾನು ಮಗಳನ್ನು ಕರೆದುಕೊಂಡು ಹೋದೆ. ಗಂಡಸರು ಅವಳನ್ನು ಹೊತ್ತುಕೊಂಡು ಹೋದ ಮೇಲೆ ಹೆಂಗಸರು ಅಂಗಳದಲ್ಲಿ ಉಳಿದೆವು. ಅಲ್ಲಿ ಕಂಬಳಿಯವರ ಮನೆಯ ಆ ಮಗಳೂ ಬಂದು ಕೂತಿದ್ದಳು. ಅವಳನ್ನು ದೂರದಿಂದ ಕಂಡಿದ್ದೆ, ಎಂದೂ ಮಾತಾಡಿಸಿರಲಿಲ್ಲ. ಮಾತಾಡಿಸಲು ನನಗೆ ಬಾಯಿ ಬಂದಿರಲಿಲ್ಲ. ಅವಳು ನನ್ನ ಮಗಳನ್ನು ನೋಡುತ್ತಲೇ ಇದ್ದಳು.

"ಅಕ್ಕಾ, ಇವಳ ಅಲ್ಲೇನು?" ಎಂದಳು. "ಅಜ್ಜಿ ನಿಮ್ಮ ಮನಿಂದ ಸೀದಾ ನಮ್ಮ ಮನಿಗೆ ಬರ್ತಿದ್ಳು. ನಿನ್ನ ಕೂಸು ಇದ್ದಿದ್ರ ಈಗ ಇಷ್ಟೆತ್ತರ ಆಗಿರ್ತಿತ್ತು ಅಂತ ತನ್ನ ಮೈಮ್ಯಾಲೆ ಕೈಯಿಟ್ಟು ತೋರಿಸಿ ಹೋಗ್ತಿದ್ಳು. ಇನ್ಮ್ಯಾಲೆ ನನಗ ಯಾರು ಬಂದು ಹೇಳ್ತಾರ?"

ನಾನು ಮಗಳ ಹೆಗಲು ಹಿಡಿದು ಅವಳ ಮುಂದೆ ನಿಲ್ಲಿಸಿದೆ. ಅವಳು ಎದ್ದು ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ಮಗಳ ನೆತ್ತಿಯ ಮೇಲೆ ಅಂಗೈಯಿಟ್ಟಳು.