ಎರಡೂ ಕಡೆ ಕೂತವಳು

ಒಂದರೊಳಗೊಂದು ಕಚ್ಚಿಕೊಂಡ ಪ್ಲಾಸ್ಟಿಕ್ ಕುರ್ಚಿಗಳನ್ನು ಎಳೆದು ಬಿಡಿಸುವಾಗ 'ಕರ್ರ್' ಎಂದು ಒಂದು ಸದ್ದು ಬರುತ್ತದೆ, ಏಳಲು ಮನಸ್ಸಿಲ್ಲದವರು ಗೊಣಗಿದ ಹಾಗೆ. ಕುರ್ಚಿ ಅಕ್ಕನ ಬೆಳಗು ಶುರುವಾಗುತ್ತಿದ್ದದ್ದು ಆ ಸದ್ದಿನಿಂದ. ಅದೇ ಸದ್ದಿಗೆ ಅವಳ ಗಂಡನಿಗೂ ಎಚ್ಚರವಾಗುತ್ತಿತ್ತು. ಕೆಲಸ ಶುರುವಾಗಿದೆ ಎಂದು ಖಾತ್ರಿ ಮಾಡಿಕೊಂಡು ಅವನು ಸಮಾಧಾನದಿಂದ ಮಗ್ಗುಲು ಬದಲಿಸುತ್ತಿದ್ದ.

ಮದುವೆ, ಭಾಷಣ, ಶೋಕಸಭೆ, ಯಾವುದಕ್ಕಾದರೂ ಕುರ್ಚಿ ಬಾಡಿಗೆಗೆ ಕೊಡುವುದು ಅವರ ಕಸುಬು. ಮುಂದಿನ ಕೋಣೆಯಲ್ಲಿ ಸೂರು ಮುಟ್ಟುವಂತೆ ಕುರ್ಚಿಗಳ ಕಂಬಗಳು ನಿಂತಿದ್ದವು. ಆದರೂ ಆ ಮನೆಗೆ ಬಂದವರು ನಿಂತೇ ಮಾತಾಡಬೇಕಿತ್ತು. ಒಂದನ್ನು ಇಳಿಸಿದರೆ ಮತ್ತೆ ಒರೆಸಿ ಏರಿಸುವವರು ಯಾರು ಎಂದು ಅಕ್ಕ ಯಾರನ್ನೂ ಕೂರಲು ಹೇಳುತ್ತಿರಲಿಲ್ಲ.

ಹಿಂದೊಮ್ಮೆ ಒಂದು ಮದುವೆಯಲ್ಲಿ ವರನ ಸೋದರಮಾವ ಕುರ್ಚಿಯ ಕಾಲು ಮುರಿದು, ಎಲ್ಲರೆದುರು ಅಂಗಾತ ಬಿದ್ದಿದ್ದ. ಅಂದಿನಿಂದ ಅಕ್ಕನದೊಂದು ಪದ್ಧತಿ. ಎಲ್ಲಿಗೇ ಕುರ್ಚಿ ಹಾಕಲಿ, ದೊಡ್ಡವರು ಕೂರುವ ಮೊದಲ ಸಾಲನ್ನು ತಾನೇ ಕೂತು ನೋಡಿ, ಆಮೇಲೇ ಜನರಿಗೆ ಬಿಡುವುದು. ಬರೀ ಕೂರುವುದಲ್ಲ. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಹಿಂದಕ್ಕೆ ಒರಗಿ, ಎಲ್ಲ ಸರಿಯಿದ್ದರೆ ಗಾಡಿಯ ಹತ್ತಿರ ನಿಂತ ಗಂಡನಿಗೆ ಹೆಬ್ಬೆರಳೆತ್ತಿ ತೋರಿಸುವುದು. ಮೈಭಾರವನ್ನು ದೇವರು ಅವಳಿಗೆ ಧಾರಾಳವಾಗಿಯೇ ಕೊಟ್ಟಿದ್ದ. "ನಾನು ಕೂತು ಮುರೀದೇ ಇದ್ದದ್ದು, ಇನ್ಯಾರು ಕೂತರೂ ಮುರಿಯಲ್ಲ ಬಿಡಿ," ಎನ್ನುತ್ತಿದ್ದಳು.

ಆ ವಾರ ಹೆರಿಗೆ ಆಸ್ಪತ್ರೆಯ ಬೀದಿಗೆ ಎರಡು ಕಡೆಯವರು ಕುರ್ಚಿ ಕೇಳಿಕೊಂಡು ಬಂದರು. ಮೊದಲು ಬಂದವರು ಪ್ರವಚನ ಹೇಳುವ ಹಿರಿಯರು. ಆ ಆಸ್ಪತ್ರೆಯಲ್ಲಿ ಗರ್ಭಪಾತ ಮಾಡುತ್ತಾರೆ, ಅದು ನಿಲ್ಲಬೇಕು, ಗೇಟಿನ ಎದುರು ಕೂತು ಪ್ರಾರ್ಥನೆ ಮಾಡುತ್ತೇವೆ ಎಂದರು. "ಜೀವ ಕೊಟ್ಟವನು ಅವನು ತಾಯಿ. ತೆಗೆಯೋದಕ್ಕೆ ನಾವ್ಯಾರು?"

"ನಿಜ, ನಿಜ," ಎಂದ ಅಕ್ಕನ ಗಂಡ.

ಅವರು ಹೋದ ಬೆನ್ನಿಗೇ ವಕೀಲಮ್ಮ ಬಂದರು. ಅವರೂ ಕೂರುವವರೇ, ಅದೇ ದಿನ, ಅದೇ ಬೀದಿಯಲ್ಲಿ, ಗೇಟಿನ ಪಕ್ಕಕ್ಕೆ. "ಹೊರೋಳು ಅವಳು, ಹೆರೋಳು ಅವಳು. ಬೇಕು ಬೇಡ ಅನ್ನೋಕೆ ಇವರ್ಯಾರು ಅಕ್ಕ?"

"ನಿಜ, ನಿಜ," ಎಂದ ಗಂಡ.

"ಅಲ್ರೀ, ಆಗಲೇ ಅವರಿಗೂ ನಿಜ ಅಂದ್ರಲ್ಲ?"

"ಅವರು ಮಾತಾಡುವಾಗ ಅದು ನಿಜವೇ ಆಗಿತ್ತು ಕಣೇ. ನಾನೇನು ಮಾಡ್ಲಿ?"

ಹಿರಿಯರಿಗೆ ಬಿಳಿ ಕುರ್ಚಿ, ವಕೀಲಮ್ಮನವರಿಗೆ ನೀಲಿ ಎಂದು ತೀರ್ಮಾನವಾಯಿತು. ವಾಪಸು ಬರುವಾಗ ಬೆರೆಯಬಾರದು ಎನ್ನುವುದೊಂದೇ ಅಕ್ಕನ ಚಿಂತೆಯಾಗಿತ್ತು. ಮರುದಿನ ತಂಗಿ ಬರುವವರೆಗೆ.

ತಂಗಿಯನ್ನು ಮನೆಯಲ್ಲೆಲ್ಲ ಪುಟ್ಟಿ ಎಂದೇ ಕರೆಯುವುದು. ಪುಟ್ಟಿಯ ಮಗಳು ಕಾಲೇಜಿಗೆ ಹೋಗುತ್ತಾಳೆ, ಮಗನಿಗೆ ಮೀಸೆ ಚಿಗುರುತ್ತಿದೆ. ಕುರ್ಚಿಗಳ ಕಂಬಗಳ ನಡುವೆ ನಿಂತು ಅವಳು ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳು.

"ಅಕ್ಕ, ನನಗೆ ಮತ್ತೆ ನಿಂತಿದೆ."

"ಏನು ನಿಂತಿದೆ?" ಎಂದ ಅಕ್ಕನಿಗೆ ಮರುಕ್ಷಣವೇ ಅರ್ಥವಾಗಿ, ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು. ಆ ಮನೆಗೆ ಬಂದವರೊಬ್ಬರಿಗೆ ಮೊದಲ ಸಲ ಒಂದು ಕುರ್ಚಿ ಇಳಿಯಿತು.

"ಚಿಕ್ಕೋನು ಹುಟ್ಟಿದಾಗ ನಾನು ಉಳಿದಿದ್ದೇ ಹೆಚ್ಚು, ನಿನಗೆ ಗೊತ್ತಲ್ಲ. ನನ್ನಿಂದ ಆಗಲ್ಲ ಅಕ್ಕ. ತೆಗೆಸೋದಕ್ಕೆ ಆ ಹೆರಿಗೆ ಆಸ್ಪತ್ರೆ ಡಾಕ್ಟರು ಶನಿವಾರ ಬಾ ಅಂದಿದ್ದಾರೆ. ನಮ್ಮನೆಯವರು 'ನಿನ್ನಿಷ್ಟ' ಅಂತಾರೆ, ಹಾಗಂದು ಕ್ರಿಕೆಟ್ ನೋಡ್ತಾರೆ. ನಿನಗೆ ಹೇಳೋಕೇ ಹೆದರಿಕೆಯಾಗಿತ್ತು."

"ನನಗ್ಯಾಕೆ ಹೆದರ್ತೀಯೇ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಹರಕೆ, ಔಷಧಿ, ನೆಂಟರ ಸಲಹೆಗಳು ಎಲ್ಲ ಮುಗಿದು, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತದೆ ಎಷ್ಟೋ ಕಾಲವಾಗಿತ್ತು. 'ಹೆತ್ತು ನನಗೆ ಕೊಟ್ಟುಬಿಡು' ಎನ್ನುವ ಮಾತು ಅಕ್ಕನ ಗಂಟಲಿನವರೆಗೆ ಬಂತು. ಅವಳು ಅದನ್ನು, ಇಬ್ಬರಿಗೂ ಸೋಸಿ ತಂದಿದ್ದ ಚಹಾದ ಜೊತೆ ನುಂಗಿದಳು. ಬಿಸಿ ಚಹಾ. ನಾಲಿಗೆ ಸುಟ್ಟಿತು.

"ಒಬ್ಬಳೇ ಹೋಗಬೇಡ," ಎಂದಳು. ಎರಡೂ ಕಡೆಯವರು ಕುರ್ಚಿ ಕೇಳಿದ್ದ ದಿನವೂ ಆ ಶನಿವಾರವೇ. "ಆ ದಿನ ನಾನು ಗೇಟಿನ ಹತ್ತಿರವೇ ಇರ್ತೀನಿ. ಜೊತೆಗೇ ಒಳಗೆ ಹೋಗೋಣ."

ಆ ದಿನ ಅವಳು ಗೇಟಿನ ಹತ್ತಿರವೇ ಇದ್ದಳು. ಮೊದಲು ನೀಲಿ ಸಾಲು ನೋಡಿ, ವಾಲಿ, ಒರಗಿ, ಗಂಡನಿಗೆ ಹೆಬ್ಬೆರಳೆತ್ತಿದಳು. ವಕೀಲಮ್ಮನ ಕಡೆಯ ಹುಡುಗಿಯೊಬ್ಬಳು ಅದೇ ಹೊತ್ತಿಗೆ ಫೋಟೊ ತೆಗೆದು, 'ನಮ್ಮ ಹಿರಿಯಕ್ಕನ ಬೆಂಬಲ' ಎಂದು ಊರಿಗೆಲ್ಲ ಕಳಿಸಿದ್ದು ಅವಳಿಗೆ ತಿಳಿಯಲಿಲ್ಲ. ಬೀದಿ ದಾಟಿ ಬಿಳಿ ಸಾಲಿನ ನಡುಗುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಯಾರೋ, "ಸ್ವಲ್ಪ ಹಿಡ್ಕೊಳ್ಳಿ ತಾಯಿ," ಎಂದು ಒಂದು ಫಲಕವನ್ನು ಮಡಿಲಲ್ಲಿಟ್ಟು, ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದರು. ಅದರ ಮೇಲೆ ಮಗುವಿನ ಚಿತ್ರ, ಕೆಳಗೆ ಕೆಂಪು ಅಕ್ಷರದಲ್ಲಿ 'ನನ್ನನ್ನು ಬದುಕಲು ಬಿಡಿ.'

ಫಲಕ ಹಿಡಿದೇ ಅಕ್ಕ ಎಡಕ್ಕೆ ವಾಲಿದಳು. ಆಗ ಬೀದಿಯ ಮೂಲೆಯಲ್ಲಿ ಪುಟ್ಟಿ ಕಂಡಳು. ಕೈಯಲ್ಲಿ ಬಟ್ಟೆಯ ಚೀಲ. ಅವಳು ಫಲಕ ನೋಡಿದಳು, ಅಕ್ಕನ ಮುಖ ನೋಡಿದಳು, ಬಂದ ದಾರಿಗೇ ತಿರುಗಿದಳು.

"ಏಯ್ ಪುಟ್ಟಿ!" ಎಂದು ಅಕ್ಕ ಎದ್ದಳು. ಅವಳ ಜೊತೆ ಕುರ್ಚಿಯೂ ಎದ್ದಿತು. ಅದರ ಕೈಗಳು ಅವಳ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಗಂಡ ಓಡಿಬಂದು ಹಿಂದಿನಿಂದ ಎಳೆದ, ಪ್ರಾರ್ಥನೆಗೆ ಬಂದ ಇಬ್ಬರು ಮುಂದಿನಿಂದ ಅವಳ ಕೈ ಹಿಡಿದರು. "ಉಸಿರು ಬಿಡೇ!" ಎಂದ ಗಂಡ. "ಬಿಟ್ಟೇ ಇದ್ದೀನ್ರೀ!" ಎಂದಳು ಅವಳು. ಕುರ್ಚಿ ಕಳಚುವ ಹೊತ್ತಿಗೆ ಪುಟ್ಟಿ ಬೀದಿಯ ಕೊನೆಯಲ್ಲಿದ್ದ ಬಸ್ ನಿಲ್ದಾಣ ಸೇರಿದ್ದಳು. ಅಕ್ಕ ಫೋನ್ ಮಾಡಿದಳು.

"ಕುರ್ಚಿ ನೋಡ್ತಿದ್ದೆ ಕಣೇ!"

"ಬೋರ್ಡ್ ಹಿಡ್ಕೊಂಡಾ?"

"ಅದು ಯಾರೋ ಕೊಟ್ರು."

"ಯಾರು ಏನು ಕೊಟ್ರೂ ಹಿಡ್ಕೊಂಡುಬಿಡ್ತೀಯಾ?" ಪುಟ್ಟಿಯ ದನಿ ಒಡೆಯಿತು. "ನಿನ್ನ ಮನಸ್ಸಲ್ಲಿ ಅದೇ ಇದ್ರೆ ಆವತ್ತೇ ಹೇಳಬೇಕಿತ್ತು ಅಕ್ಕ. ಜೊತೆಗೆ ಬರ್ತೀನಿ ಅಂತ ಯಾಕಂದೆ?"

ಫೋನ್ ಕಟ್ಟಾಯಿತು. ಅಷ್ಟರಲ್ಲಿ ವಕೀಲಮ್ಮ ಬೀದಿ ದಾಟಿ ಬಂದಿದ್ದರು, ಕೈಯಲ್ಲಿದ್ದ ಫೋನಿನಲ್ಲಿ ಅಕ್ಕ ಹೆಬ್ಬೆರಳೆತ್ತಿದ ಫೋಟೊ.

"ಅಕ್ಕ, ಆಗಲೇ ನಮ್ಮ ಕಡೆ ಕೂತಿದ್ರಲ್ಲ, ಇಲ್ಲೇನು ಮಾಡ್ತಿದ್ದೀರಿ?"

"ಅವರು ನಮ್ಮವರು," ಎಂದರು ಹಿರಿಯರು ಮೈಕು ಹಿಡಿದೇ. "ಆ ತಾಯಿಗೆ ಮಕ್ಕಳಿಲ್ಲ. ಒಂದು ಜೀವದ ಬೆಲೆ ಅವರಿಗೆ ಗೊತ್ತು." ಮಾತು ಬೀದಿಯ ಎರಡೂ ತುದಿಗೆ ಕೇಳಿಸಿತು. ನಿಲ್ದಾಣದಲ್ಲಿ ಪುಟ್ಟಿ ತಲೆಯೆತ್ತಿದಳು.

"ಅವರ ನೋವನ್ನ ನೀವ್ಯಾಕ್ರೀ ಮೈಕಲ್ಲಿ ಕೂಗ್ತೀರಿ?" ಎಂದರು ವಕೀಲಮ್ಮ.

"ನೋವು ಬರೀ ನಿಮ್ಮ ಕಡೆಯವರ ಆಸ್ತಿಯೇನಮ್ಮ?"

"ನಿಜ, ನಿಜ," ಎಂದ ಗಂಡ. ಯಾರಿಗೆಂದು ಅವನಿಗೇ ತಿಳಿದಿರಲಿಲ್ಲ.

"ಅವರನ್ನೇ ಕೇಳೋಣ," ಎಂದು ಹಿರಿಯರು ಮೈಕನ್ನು ಅಕ್ಕನ ಬಾಯಿಗೆ ಹಿಡಿದರು. "ಯಾರಿಗೂ ಹೆದರಬೇಡಿ ತಾಯಿ. ಮನಸ್ಸಲ್ಲಿ ಏನಿದೆಯೋ ಅದನ್ನೇ ಹೇಳಿ."

ಅಕ್ಕ ಮೈಕು ನೋಡಿದಳು.

"ನನ್ನ ಮನಸ್ಸಲ್ಲಿರೋದನ್ನ ಹೇಳಿದ್ರೆ ನೀವು ಚಪ್ಪಾಳೆ ತಟ್ತೀರಿ ಸ್ವಾಮಿ," ಎಂದಳು. "ಅದಕ್ಕೇ ಹೇಳಲ್ಲ."

ವಕೀಲಮ್ಮನ ಮುಖ ಅರಳಿತು.

"ನೀವೂ ತಟ್ಟಬೇಡಿ. ನಿಮಗೂ ಹೇಳ್ತಿಲ್ಲ. ನನಗೆ ಅನ್ನಿಸಿದ್ದು ನನ್ನ ಹೊಟ್ಟೆಯೊಳಗೇ ಇರಲಿ. ಹೊರೋಳು ನಾನಲ್ಲ. ಇನ್ನೊಬ್ಬಳ ಪಕ್ಕ ನಿಂತ್ಕೊಳ್ಳೋಕೆ ಅದು ಅಡ್ಡ ಬರಬೇಕಾಗಿಲ್ಲ."

"ಅದು ಹೇಗಾಗುತ್ತೆ? ಒಂದು ಕಡೆ ಅಂತ ಇರಬೇಕಲ್ಲ!" ಎಂದರು ಹಿರಿಯರು.

"ಈ ಮಾತಲ್ಲಿ ಅವರು ಹೇಳಿದ್ದು ಸರಿ ಅಕ್ಕ," ಎಂದರು ವಕೀಲಮ್ಮ. ಬೆಳಗಿನಿಂದ ಅವರಿಬ್ಬರೂ ಒಪ್ಪಿದ್ದು ಅದೊಂದೇ.

ನಿಲ್ದಾಣಕ್ಕೆ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು, ಮುಚ್ಚಿತು, ಬಸ್ಸು ಹೊರಟಿತು. ಹೋದ ಮೇಲೂ ಪುಟ್ಟಿ ಅಲ್ಲೇ ಇದ್ದಳು. ಚೀಲವನ್ನು ಎದೆಗವಚಿಕೊಂಡು ಈ ಕಡೆಗೇ ನೋಡುತ್ತಿದ್ದಳು.

"ಈಗ ನೋಡಿ ತಾಯಿ, ಶಾಸ್ತ್ರದಲ್ಲಿ ಏನು ಹೇಳಿದೆ ಅಂದ್ರೆ..."

"ಶಾಸ್ತ್ರ ಆಮೇಲೆ. ಅಕ್ಕ, ಕಾನೂನು ಏನು ಹೇಳುತ್ತೆ ಅಂತ ನಾನು..."

"ಲೇ, ಇವರಿಗೆ ಏನಂತ ಹೇಳ್ಲಿ?" ಎಂದು ಗಂಡ ಹಿಂದಿನಿಂದ ಕೂಗಿದ. ಅಕ್ಕ ಆಗಲೇ ಸೆರಗು ಸಿಕ್ಕಿಸಿಕೊಂಡು, ಎದುರಿನಿಂದ ಬಂದ ಸೈಕಲ್ಲಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ತಂಗಿಯ ಕಡೆಗೆ ದಾಪುಗಾಲು ಹಾಕಿದ್ದಳು.