ಸಲಿಕೆ ಡ್ರೈವರ್ ಮುಚ್ಚಿದ ಜಾಡು

ನನ್ನ ಸೋದರಮಾವನಿಗೆ ಜನ ಇಟ್ಟ ಹೆಸರು ಸಲಿಕೆ ಡ್ರೈವರ್. ಬೆನ್ನ ಹಿಂದೆ ಹಾಗೆ ಕರೆದು ನಗುವವರೇ ಗಾಡಿ ಕೆಟ್ಟರೆ ಮನೆ ಬಾಗಿಲಿಗೆ ಬಂದು "ಅಣ್ಣಾ, ಸ್ವಲ್ಪ ನೋಡ್ತೀರಾ" ಎಂದು ಹಲ್ಲು ಗಿಂಜುತ್ತಾರೆ. ಮಾವ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದ ಮನುಷ್ಯ. ಗುಜರಿ ಅಂಗಡಿಯಿಂದ ಒಂದು ಜೀಪನ್ನು ತುಂಡು ತುಂಡಾಗಿ ಹೊತ್ತು ತಂದು, ಮನೆ ಮುಂದೆ ತಗಡಿನ ಸೂರು ಹಾಕಿ, ನಾಲ್ಕು ವರ್ಷ ತೆಗೆದುಕೊಂಡು ಜೋಡಿಸಿದರು. ಅಡುಗೆಮನೆಯ ಸೂರು ಆಗಲೂ ಸೋರುತ್ತಿತ್ತು, ಈಗಲೂ ಸೋರುತ್ತದೆ.

ಆ ಜೀಪಿನ ಹಿಂದೆ ಸ್ಟೆಪ್ನಿ ಪಕ್ಕದಲ್ಲಿ ಯಾವಾಗಲೂ ಒಂದು ಸಲಿಕೆ. ಗುಡ್ಡದ ಮೇಲಿನ ಹಳೇ ಗಾಡಿದಾರಿಯಲ್ಲಿ ಹೋಗಿ ಬಂದಾಗಲೆಲ್ಲ ಮಾವ, ಅವರ ಇಬ್ಬರು ಡಿಪೋ ಗೆಳೆಯರು ಜೀಪಿನಿಂದ ಇಳಿದು, ಮೆತ್ತಗಿನ ಮಣ್ಣಲ್ಲಿ ಬಿದ್ದ ಗಾಲಿ ಜಾಡನ್ನು ಮುಚ್ಚಿ, ಕಾಲಿನಿಂದ ತುಳಿದು ಸಮ ಮಾಡಿಯೇ ಮನೆಗೆ ಬರಬೇಕು. ಅದು ಅವರು ತಾವೇ ಮಾಡಿಕೊಂಡ ಕಾನೂನು. ಜಾಡು ಬಿಟ್ಟರೆ ಮಳೆ ನೀರು ಅದರಲ್ಲೇ ಹರಿದು ದಾರಿ ಕೊರಕಲಾಗುತ್ತದಂತೆ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಮೇಸ್ತ್ರಿ ಕೆಲಸ ಮಾಡುತ್ತಿದ್ದಳು. "ರೀ, ಎಡಗಡೆ ಒಂದು ಉಳೀತು ನೋಡಿ. ಕಣ್ಣು ಎಲ್ಲಿಟ್ಕೊಂಡಿದೀರ?"

ಅತ್ತೆಗಾಗಿಯೇ ಆ ದಾರಿ. ಅವಳ ಅಪ್ಪ ಅದೇ ದಾರಿಯಲ್ಲಿ ಎತ್ತಿನ ಗಾಡಿಯಲ್ಲಿ ಸುಣ್ಣದ ಕಲ್ಲು ಹೇರುತ್ತಿದ್ದವರು. ಗುಡ್ಡದ ನೆತ್ತಿಯಲ್ಲಿ ಒಂದು ಹಾಸುಬಂಡೆಯಿದೆ. ಎಷ್ಟೋ ತಲೆಮಾರಿನ ಗಾಡಿಗಳು ಉರುಳಿ ಉರುಳಿ ಅದರ ಮೇಲೆ ಒಂದು ಗೇಣು ಆಳದ ಎರಡು ಗೆರೆ ಬಿದ್ದಿವೆ. ಅತ್ತೆ ಅಲ್ಲಿ ಕೂತು, ಅಪ್ಪನ ಗಾಲಿ ತೇಯ್ದ ಗೆರೆಯೊಳಗೆ ಕೈಯಿಟ್ಟು, ಒಂದು ಗಂಟೆ ಮಾತಿಲ್ಲದೆ ಇರುತ್ತಾಳೆ. ಮಾತಿಲ್ಲದ ಅತ್ತೆಯನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಆರು ವರ್ಷದ ಹಿಂದೆ ಬಸ್ಸಿನಿಂದ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಊರುಗೋಲು ಹಿಡಿದು ಅಂಗಳ ದಾಟುವುದೇ ಹೆಚ್ಚು. ಜೀಪು ಹೋದರೆ ಅತ್ತೆ ನೆತ್ತಿಗೆ ಹೋದಳು, ಇಲ್ಲದಿದ್ದರೆ ಇಲ್ಲ. ವಿಷಯ ಇಷ್ಟೇ.

ಈ ಇಷ್ಟು ವಿಷಯವನ್ನು ಸರ್ಕಾರಕ್ಕೆ ಅರ್ಥ ಮಾಡಿಸಲು ನಾನು ಹನ್ನೊಂದು ಅರ್ಜಿ ಟೈಪ್ ಮಾಡಿದೆ. ತಾಲ್ಲೂಕು ಕಚೇರಿಯ ಎದುರಿಗೇ ನನ್ನ ಟೈಪಿಂಗ್ ಅಂಗಡಿ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಇರಲಿ, ಈ ಸಲ ಅದಕ್ಕೆ ಕಾರಣವಿತ್ತು.

ಅದೇ ಗುಡ್ಡಕ್ಕೆ ಪೂರ್ವದಿಂದ ಇನ್ನೊಂದು ಹಳೇ ದಾರಿಯಿದೆ. ರಜೆ ಬಂತೆಂದರೆ ಆಳೆತ್ತರದ ಟೈರಿನ ಗಾಡಿಗಳು ಅಲ್ಲಿಗೆ ನುಗ್ಗುತ್ತವೆ. ಕೆಸರು ಹಾರಿಸುವುದು, ಕಿರುಚುವುದು, ವಿಡಿಯೋ ಮಾಡುವುದು. ಎರಡು ವರ್ಷದಲ್ಲಿ ದಾರಿ ಹೋಗಿ ಹಳ್ಳವಾಯಿತು. ನಡೆದು ಹೋಗುವವರು ದೂರು ಕೊಟ್ಟರು. ಅವರದೇನೂ ತಪ್ಪಿಲ್ಲ, ನಾನಾಗಿದ್ದರೂ ಕೊಡುತ್ತಿದ್ದೆ. ಕಚೇರಿಯವರು ನೋಟಿಸ್ ಹೊರಡಿಸಿದರು: ಮೋಟಾರು ಗಾಡಿಗಳು ಬಿಡದೆ ಓಡಾಡುತ್ತಿವೆ ಎಂದು ಸ್ಥಳದಲ್ಲಿ ಕಂಡುಬಂದ ಹಳೇ ದಾರಿ ಮಾತ್ರ ಗಾಡಿದಾರಿಯಾಗಿ ಉಳಿಯುತ್ತದೆ, ಉಳಿದದ್ದು ಕಾಲುದಾರಿ. ತಪಾಸಣೆಗೆ ತಾರೀಖನ್ನೂ ಕೊಟ್ಟರು.

"ಮಾವ, ಜೀಪು ಮೇಲೆ ಹೋಗಿರೋ ಫೋಟೋ ಕೊಡಿ, ಅರ್ಜಿ ಜೊತೆ ಹಾಕ್ತೀನಿ" ಎಂದೆ.

ಮಾವ ಒಂದು ಡಬ್ಬಿ ತುಂಬ ಫೋಟೋ ತಂದರು. ಎಲ್ಲದರಲ್ಲೂ ಅತ್ತೆ. ಬಂಡೆಯ ಮೇಲೆ ಅತ್ತೆ, ಛತ್ರಿ ಹಿಡಿದ ಅತ್ತೆ, ಬಿಸಿಲಿಗೆ ಮುಖ ಸಿಂಡರಿಸಿದ ಅತ್ತೆ.

"ಜೀಪ್ ಎಲ್ಲಿ?"

"ನಾನು ಜೀಪಲ್ಲೇ ಕೂತ್ಕೊಂಡು ತೆಗೆದಿದ್ದಲ್ವೇನೆ?" ಎಂದರು ಮಾವ.

ತಲೆ ಚಚ್ಚಿಕೊಂಡೆ. ಆದರೆ ನಿಜವಾಗಿ ತಲೆ ಚಚ್ಚಿಕೊಳ್ಳಬೇಕಾದ ಕೆಲಸ ಆಮೇಲೆ ನಡೆಯಿತು. ತಪಾಸಣೆಯ ಹಿಂದಿನ ದಿನ ಮಾವ ಗೆಳೆಯರಿಬ್ಬರನ್ನು ಕರೆದುಕೊಂಡು ಗುಡ್ಡಕ್ಕೆ ಹೋಗಿದ್ದಾರೆ. "ಸಾಹೇಬ್ರು ಬರ್ತಾರೆ, ದಾರಿ ಚೆನ್ನಾಗಿ ಕಾಣ್ಲಿ" ಎಂದು ಬುಡದಿಂದ ನೆತ್ತಿವರೆಗೆ ಉಳಿದಿದ್ದ ಚೂರುಪಾರು ಜಾಡನ್ನೂ ಮುಚ್ಚಿ, ನೀರು ಚಿಮುಕಿಸಿ, ಮಟ್ಟ ಮಾಡಿದ್ದಾರೆ. ನನಗೆ ಒಂದು ಮಾತು ಹೇಳಲಿಲ್ಲ.

ಮರುದಿನ ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ರಟ್ಟಿನ ಫೈಲು. ಅರ್ಧ ದಾರಿ ನಡೆದು, ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಂಡು ನಿಂತರು.

"ಗಾಲಿ ಗುರುತೇ ಇಲ್ವಲ್ಲ ಇವರೇ?"

"ಮುಚ್ಚಿದೀವಿ ಸಾರ್" ಎಂದು ಮಾವ ಎದೆಯುಬ್ಬಿಸಿ ಹೇಳಿದರು. "ಇಪ್ಪತ್ತೆರಡು ವರ್ಷದಿಂದ ಪ್ರತಿ ಸಲಾನೂ ಮುಚ್ಚಿದೀವಿ."

"ಮುಚ್ಚಿದೀರ ಅಂತ ನಾನು ಹೇಗೆ ಬರ್ಕೊಳ್ಳಲಿ? ಕಂಡಿದ್ದನ್ನ ತಾನೇ ಬರೆಯೋದು."

"ನೆತ್ತಿ ಮೇಲೆ ಬಂಡೇಲಿ ಜಾಡಿದೆ, ಬನ್ನಿ ತೋರಿಸ್ತೀನಿ" ಎಂದೆ ನಾನು.

"ಗೊತ್ತಮ್ಮ, ಫೈಲಲ್ಲಿದೆ. ಅದು ಎತ್ತಿನ ಗಾಡೀದು. ಮೋಟಾರ್‌ದಲ್ಲ."

ಮೂರು ವಾರಕ್ಕೆ ಆದೇಶ ಬಂತು. ಪೂರ್ವದ ದಾರಿಯಲ್ಲಿ ಮೋಟಾರು ಗಾಡಿಗಳ ಆಳವಾದ ಗುರುತು ಧಾರಾಳವಾಗಿ ಇರುವುದರಿಂದ ಅದು ಗಾಡಿದಾರಿ. ನಮ್ಮದು ಕಾಲುದಾರಿ. ನಾನು ಆ ಕಾಗದವನ್ನು ಅಂಗಡಿಯಲ್ಲಿ ನಿಂತು ಓದಿದೆ. ದಾರಿಯನ್ನು ಹರಿದು ಹಾಕಿದವರಿಗೆ ದಾರಿ ಕೊಟ್ಟರು, ಹೊಲಿದು ಹೊಲಿದು ಇಟ್ಟವರನ್ನು ಆಚೆಗೆ ಅಟ್ಟಿದರು. ನೇರ ಕಚೇರಿಗೆ ಹೋಗಿ, ಮೇಜು ಕುಟ್ಟಿ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಧಿಕಾರಿ ನನಗೆ ನೀರು ತರಿಸಿಕೊಟ್ಟರು. ಆ ಲೋಟ ನೋಡಿ ಇನ್ನಷ್ಟು ಸಿಟ್ಟು ಬಂತು, ಕುಡಿಯದೆ ಬಂದೆ.

ಆ ಭಾನುವಾರ ಬೆಳಿಗ್ಗೆ ಅತ್ತೆ, "ಎಲ್ಲೀವರೆಗೆ ಆಗುತ್ತೋ ಅಲ್ಲೀವರೆಗೆ ಕರ್ಕೊಂಡ್ ಹೋಗ್ರಿ" ಎಂದಳು. ಹಿಂದಿನ ದಿನ ಮಳೆಯಾಗಿತ್ತು. ಹಿಂದಿನ ಸೀಟಿನಲ್ಲಿ ನಾನೂ ಕೂತೆ. ಗುಡ್ಡದ ಬುಡದಲ್ಲಿ ದಾರಿಗೆ ಅಡ್ಡಲಾಗಿ ಮೂರು ಸಿಮೆಂಟ್ ದಿಮ್ಮಿ ಇಟ್ಟಿದ್ದರು. ಮೂವರೂ ಅದನ್ನು ನೋಡುತ್ತ ಕೂತೆವು. ಅತ್ತೆಯ ಬಾಯಿಂದ ಮಾತೇ ಹೊರಡಲಿಲ್ಲ. ನೆತ್ತಿಯ ಬಂಡೆಯ ಮೇಲಲ್ಲದೆ ಬೇರೆಲ್ಲೂ ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ.

ಮಾವ ಜೀಪು ತಿರುಗಿಸಲು ಹೋದರು. ಹಿಂದಿನ ಗಾಲಿಗಳು ಕೆಸರಲ್ಲಿ ಹೂತು ಗಿರ್ರೆಂದು ಸುತ್ತಿ, ಕೊನೆಗೆ ಒದ್ದುಕೊಂಡು ಮೇಲೆ ಬಂದವು. ಹಿಂದೆ ಎರಡು ಉದ್ದನೆಯ ಹಳ್ಳ ಉಳಿದವು. ಮಾವ ಇಂಜಿನ್ ಆರಿಸಿ ಇಳಿದು ಸಲಿಕೆ ತೆಗೆದುಕೊಂಡರು.

ನನಗೆ ತಡೆಯಲಾಗಲಿಲ್ಲ. "ಇನ್ನೂ ಯಾಕೆ ಮುಚ್ತೀರ ಮಾವ? ನಿಮ್ಮ ಸಲಿಕೇನೇ ನಮ್ಮನ್ನ ಹಾಳು ಮಾಡಿದ್ದು! ಎಸೀರಿ ಅದನ್ನ!"

"ನೀರು ಹರಿದ್ರೆ ಕೊಚ್ಕೊಂಡ್ ಹೋಗುತ್ತೆ ಕಣೆ" ಎಂದರು ಮಾವ, ತಲೆಯೆತ್ತದೆ. "ಅವರು ಮಾಡಿದ್ದಕ್ಕೆ ದಾರಿ ಏನ್ ಮಾಡ್ತು?"

ಎಡಗಡೆಯದನ್ನು ಮುಚ್ಚಿ, ತುಳಿದು, ಬಲಗಡೆಗೆ ಬಂದರು. ಆಗ ಅತ್ತೆ ಬಾಯಿ ಬಿಟ್ಟಳು.

"ರೀ, ಅದೊಂದನ್ನ ಬಿಡಿ."

"ನೀರು ನಿಲ್ಲುತ್ತೆ ಕಣೇ."

"ನಿಲ್ಲಲಿ. ಇಳಿಸಿ ನನ್ನ."

ಇಬ್ಬರೂ ಹಿಡಿದು ಇಳಿಸಿದೆವು. ಬಗ್ಗಲು ಸೊಂಟ ಬಿಡದು. ನಿಂತಲ್ಲಿಂದಲೇ ಊರುಗೋಲನ್ನು ಜಾಡಿನೊಳಗೆ ಇಳಿಸಿ, ಕೆಸರು ಎಲ್ಲಿವರೆಗೆ ಹತ್ತಿದೆ ಎಂದು ಎತ್ತಿ ನೋಡಿದಳು. ನನಗೆ ಅತ್ತೆಯ ಮುಖ ನೋಡಲು ಧೈರ್ಯ ಬರಲಿಲ್ಲ.

"ಅಪ್ಪನ ಗೆರೆಗಿಂತ ಆಳ ಕಮ್ಮಿ ಇದೆ" ಎಂದಳು.

ಮಾವ ಆ ಕೋಲನ್ನೂ, ಸಿಮೆಂಟ್ ದಿಮ್ಮಿಗಳನ್ನೂ ನೋಡಿದರು. ಸಲಿಕೆಯ ಮಣ್ಣು ಕೊಡವಿ ಜೀಪಿನೊಳಗೆ ಇಟ್ಟರು.

"ಹಾಗಾದ್ರೆ ನಾಳೆ ಮತ್ತೆ ಬರೋಣ" ಎಂದರು.